ಯಂತ್ರದ ಅಳವು, ಆಟದ ಆಯ್ಕೆ

ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ನೋಡುವ ಉದ್ದೇಶದಿಂದಲೇ ನಾನು 2017ರಲ್ಲಿ ಒಂದು ಲ್ಯಾಪ್‌ಟಾಪನ್ನು ಕೊಂಡೆ. ಓಲೆಗರಿಯ ಮೂಲವನ್ನು ಮತ್ತೆ ಮತ್ತೆ ಮುಟ್ಟದೆ, ಅಕ್ಷರವನ್ನು ಹಿಗ್ಗಿಸಿ ನೋಡಿ, ಪಕ್ಕದಲ್ಲಿಯೇ ಪಾಠಾಂತರಗಳನ್ನು ಗುರುತು ಹಾಕಿಕೊಳ್ಳಲು ಅದಕ್ಕಿಂತ ಹೆಚ್ಚಿನ ಯಂತ್ರ ನನಗೆ ಬೇಕಿರಲಿಲ್ಲ. ಅದರ ವಿವರಗಳನ್ನು ಕೇಳಿದರೆ ಇಂದಿನ ತರುಣರು ನಕ್ಕಾರು: ಇಂಟೆಲ್ ಕಂಪನಿಯ ಐ3-6006ಯು ಎಂಬ ಎರಡು ಕೋರ್‌ಗಳ ಪ್ರೊಸೆಸರ್, 4 ಜಿಬಿ ರ್‍ಯಾಮ್, ತಿರುಗುವ ತಟ್ಟೆಯ ಹಳೆಯ ಬಗೆಯ ಹಾರ್ಡ್ ಡಿಸ್ಕ್, 1366×768 ಚುಕ್ಕೆಗಳ ಪರದೆ. ಚಿತ್ರಗಳಿಗೆಂದು ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರಿನೊಳಗೇ ಅಡಕವಾಗಿರುವ ಎಚ್‌ಡಿ ಗ್ರಾಫಿಕ್ಸ್ 520 ಎಂಬುದೇ ಆ ಕೆಲಸವನ್ನೂ ಮಾಡುತ್ತದೆ. ಈ ಸಂಖ್ಯೆಗಳಲ್ಲಿ ಒಂದೂ ಕಳೆದ ವರ್ಷದ ಬೇಸಿಗೆಯವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಬಿದ್ದಿರಲಿಲ್ಲ.

ಆ ಬೇಸಿಗೆಯಲ್ಲಿ ಮಗಳ ಮಗ ಪುಣೆಯಿಂದ ಧಾರವಾಡಕ್ಕೆ ಬಂದ. ಹದಿನಾಲ್ಕರ ಹುಡುಗ. ಅವನ ತಂದೆತಾಯಿಗಳು ಮನೆ ಬದಲಿಸುವ ಗಡಿಬಿಡಿಯಲ್ಲಿದ್ದರು. ಅವನ ಕಂಪ್ಯೂಟರು ಯಾವುದೋ ಪೆಟ್ಟಿಗೆಯಲ್ಲಿ ಕಟ್ಟಿಹೋಗಿತ್ತು. ಶಾಲೆಯಲ್ಲಿ ಇಂಗ್ಲಿಷು, ಗೆಳೆಯರೊಡನೆ ಮರಾಠಿ, ತಾಯಿಯೊಡನೆ ಮಾತ್ರ ಒಂದಿಷ್ಟು ಕನ್ನಡ. ಆ ಒಂದಿಷ್ಟೂ ವರ್ಷದಿಂದ ವರ್ಷಕ್ಕೆ ಸವೆಯುತ್ತಿದ್ದುದನ್ನು ನಾನು ದೂರವಾಣಿಯಲ್ಲಿಯೇ ಗಮನಿಸಿದ್ದೆ. ಬಂದ ಮೊದಲ ವಾರ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯನ್ನೆಲ್ಲ ಕೂಡಿಸಿದರೆ ಒಂದು ಪುಟ ತುಂಬುತ್ತಿರಲಿಲ್ಲ. ಊಟ ಆಯಿತೇ, ಆಯಿತು. ನಿದ್ದೆ ಬಂತೇ, ಬಂತು. ಆರನೆಯ ದಿನ ಅವನಾಗಿಯೇ ನನ್ನ ಮೇಜಿನ ಬಳಿ ಬಂದು ನಿಂತು, ಪರದೆಯ ಮೇಲಿದ್ದ ಗರಿಯ ಚಿತ್ರವನ್ನು ತುಸು ಹೊತ್ತು ನೋಡಿ, “ಅಜ್ಜಾ, ಇದ್ರಾಗ ಯಾವ ಗೇಮ್ ಓಡ್ತಾವ?” ಎಂದು ಕೇಳಿದ. ಕೇಳಿದ್ದು ಕನ್ನಡದಲ್ಲಿ. ನಾನು ಆ ಸಂತೋಷದಲ್ಲಿಯೇ “ಎಲ್ಲಾ ಓಡ್ತಾವ, ತಮ್ಮಾ” ಎಂದುಬಿಟ್ಟೆ.

ಅವನ ಗೆಳೆಯರೆಲ್ಲ ಆಡುತ್ತಿದ್ದ ಆಟವೊಂದಿತ್ತು. ಅದರ ಹೆಸರು ಇಲ್ಲಿ ಬೇಡ. ತಪ್ಪು ಆಟದ್ದಲ್ಲ, ನನ್ನದು. ಅದು ಇಳಿದು ಬರಲು ಎರಡು ರಾತ್ರಿಗಳು ಬೇಕಾದವು. ಮೂರನೆಯ ದಿನ ಮಧ್ಯಾಹ್ನ ತೆರೆದಾಗ, ಚಿತ್ರಗಳು ನಮ್ಮ ಕಾಲದ ಸ್ಲೈಡ್ ಪ್ರದರ್ಶನದಂತೆ ಒಂದೊಂದಾಗಿ ಬಂದು ನಿಲ್ಲುತ್ತಿದ್ದವು. ಹುಡುಗ ಸಹನೆಯಿಂದ ಕುಳಿತ. ಇಪ್ಪತ್ತು ನಿಮಿಷಗಳಲ್ಲಿ ಯಂತ್ರದ ತಳ ಮುಟ್ಟಲಾಗದಷ್ಟು ಕಾದು, ಪರದೆ ಕಪ್ಪಾಯಿತು. ಮತ್ತೆ ಹೊತ್ತಿಸಿದೆವು. ಒಂದು ನಿಮಿಷ ಉರಿದು ಆರಿತು. ಇನ್ನೊಮ್ಮೆ ಹೊತ್ತಿಸಿದಾಗಲೂ ಹಾಗೆಯೇ.

ಆ ಯಂತ್ರದಲ್ಲಿ ಮೂರು ಓಲೆಗರಿ ಪ್ರತಿಗಳ ಚಿತ್ರಗಳಿದ್ದವು. ಒಂದೊಂದು ಗರಿಯ ಎರಡೂ ಮೈಗಳನ್ನು ಎರಡು ಬೆಳಕಿನಲ್ಲಿ ತೆಗೆದವು. ಅವುಗಳ ಪೈಕಿ ಒಂದು ಪ್ರತಿಯ ಒಡೆಯರು ಆಮೇಲೆ ತೀರಿಕೊಂಡಿದ್ದರು. ಕಟ್ಟು ಈಗ ಯಾರ ಕೈಯಲ್ಲಿದೆಯೋ ಮನೆಯವರಿಗೇ ತಿಳಿಯದು. ಐದು ವರ್ಷಗಳ ಪಾಠಾಂತರ ಟಿಪ್ಪಣಿಗಳೂ ಅಲ್ಲಿಯೇ ಇದ್ದವು. ಇನ್ನೊಂದು ಪ್ರತಿಯನ್ನು ನಾನು ಎಲ್ಲಿಯೂ ತೆಗೆದಿರಿಸಿರಲಿಲ್ಲ. ಒಂದೇ ಪ್ರತಿಯಲ್ಲಿ ಉಳಿದುಬಂದ ಕೃತಿಗಳ ಅಪಾಯವನ್ನು ಕುರಿತು ಮೂವತ್ತು ವರ್ಷ ತರಗತಿಗಳಲ್ಲಿ ಮಾತನಾಡಿದವನು ಮಾಡಿದ ಕೆಲಸವಿದು.

ಹೆದರಿಕೆಯಲ್ಲಿ ನಾನು ಹುಡುಗನ ಮೇಲೆ ಹರಿಹಾಯ್ದೆ. ಏನೆಂದೆನೆಂಬುದನ್ನು ಬರೆಯಲಾರೆ. ಅವನು ಎದ್ದು ಒಳಗೆ ಹೋದ. ಎರಡು ದಿನ ಊಟಕ್ಕೆ ಬಂದರೂ ತಲೆಯೆತ್ತಲಿಲ್ಲ. ಕೇಳಿದ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಉತ್ತರಿಸಿದ.

ದುರಸ್ತಿಯ ಅಂಗಡಿಯ ಯುವಕ ತಳದ ಮುಚ್ಚಳ ಬಿಚ್ಚಿದಾಗ ಒಳಗೆ ಕಂಡದ್ದು ಧೂಳಿನ ಒಂದು ಕಂಬಳಿ. ಫ್ಯಾನು ತಿರುಗುತ್ತಲೇ ಇರಲಿಲ್ಲ. ಪ್ರೊಸೆಸರಿಗೂ ಅದರ ಶಾಖವನ್ನು ಹೊರಗೊಯ್ಯುವ ತಾಮ್ರದ ಕೊಳವೆಗೂ ನಡುವೆ ಹಚ್ಚಿದ್ದ ಲೇಪ ಒಣಗಿ ಸುಣ್ಣದಂತಾಗಿತ್ತು. ಶಾಖ ಒಂದು ಮಿತಿಯನ್ನು ಮುಟ್ಟಿದರೆ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆಂದೂ, ಆಗಲೂ ಇಳಿಯದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಯಂತ್ರ ಆರಿಹೋಗುತ್ತದೆಂದೂ ಅವನು ವಿವರಿಸಿದ. ಹಾರ್ಡ್ ಡಿಸ್ಕಿಗೆ ಏನೂ ಆಗಿರಲಿಲ್ಲ. ಅಂಗಡಿಯಲ್ಲಿಯೇ ಕುಳಿತು ಎಲ್ಲ ಚಿತ್ರಗಳನ್ನೂ ಹೊರಗಿನ ಎರಡು ಡಿಸ್ಕುಗಳಿಗೆ ಇಳಿಸಿಕೊಂಡ ಮೇಲೆಯೇ ನಾನು ನೀರು ಕುಡಿದದ್ದು.

ಹೊರಡುವಾಗ ಅವನು ಇನ್ನೊಂದು ಮಾತು ಹೇಳಿದ. ಇಂಥ ಅಡಕ ಗ್ರಾಫಿಕ್ಸ್‌ಗೆ ಸ್ವಂತದ ಸ್ಮೃತಿ ಇರುವುದಿಲ್ಲ. ಯಂತ್ರದ ರ್‍ಯಾಮಿನಲ್ಲಿಯೇ ಪಾಲು ಕೇಳುತ್ತದೆ. ನನ್ನ 4 ಜಿಬಿಯಲ್ಲಿ ಅರ್ಧದಷ್ಟನ್ನು ವಿಂಡೋಸ್ ಆಗಲೇ ಉಂಡಿರುತ್ತದೆ. ಉಳಿದುದರಲ್ಲಿ ಆಟಕ್ಕೂ ಚಿತ್ರಕ್ಕೂ ಜಗಳ. ಪಕ್ಕದಲ್ಲಿ ಇನ್ನೊಂದು ರ್‍ಯಾಮಿನ ಸ್ಥಾನ ಖಾಲಿಯಿತ್ತು. ಅಲ್ಲಿ ಮತ್ತೊಂದು 4 ಜಿಬಿ ಹಾಕಿದರೆ ಪ್ರಮಾಣ ಇಮ್ಮಡಿಯಾಗುವುದಷ್ಟೇ ಅಲ್ಲ, ಒಂದೇ ಕಾಲುವೆಯಲ್ಲಿ ಹರಿಯುತ್ತಿದ್ದುದು ಎರಡು ಕಾಲುವೆಗಳಲ್ಲಿ ಹರಿಯುತ್ತದೆ, ಅಡಕ ಗ್ರಾಫಿಕ್ಸ್‌ಗೆ ಇದರಿಂದ ಆಗುವ ಲಾಭ ಬೇರೆ ಯಾವ ಸಣ್ಣ ಖರ್ಚಿನಿಂದಲೂ ಆಗದು ಎಂದ. ಹಾಕಿಸಿದೆ. ನನ್ನ ಕಳೆದ ಪುಸ್ತಕಕ್ಕೆ ಬಂದ ಗೌರವಧನಕ್ಕಿಂತ ಅದು ದುಬಾರಿಯಾಯಿತೆಂಬುದು ನಮ್ಮ ಪ್ರಕಾಶನ ರಂಗದ ಕುರಿತ ಬೇರೆ ವಿಷಯ.

ಮನೆಗೆ ಬಂದು ಹುಡುಗನ ಕೋಣೆಯ ಬಾಗಿಲಲ್ಲಿ ನಿಂತು, ತಪ್ಪಾಯಿತೆಂದು ಹೇಳಿದೆ. ಯಂತ್ರ ಕೆಟ್ಟದ್ದು ಅವನಿಂದಲ್ಲ, ನನ್ನ ಧೂಳಿನಿಂದ ಎಂದೆ. ಅವನು ನಂಬದವನಂತೆ ನೋಡಿದ. ಆಗ, ಈ ಯಂತ್ರದಲ್ಲಿ ನಿಜವಾಗಿ ಯಾವ ಆಟ ಓಡುತ್ತದೆಂಬುದನ್ನು ಇಬ್ಬರೂ ಕೂಡಿ ಶೋಧಿಸೋಣ, ನನಗೆ ಗೊತ್ತಿಲ್ಲ, ನೀನೇ ಕಲಿಸಬೇಕು ಎಂದೆ. “ಅಜ್ಜಾ, ಇದು ಓದೂ ಮಷೀನು, ಆಡೂ ಮಷೀನ್ ಅಲ್ಲ” ಎಂದ. ಆದರೂ ಎದ್ದು ಬಂದ.

ಪ್ರತಿಯೊಂದು ಆಟದ ಮಾರಾಟಪುಟದ ಕೆಳಗೂ ಎರಡು ಪಟ್ಟಿಗಳಿರುತ್ತವೆ: ಕನಿಷ್ಠ ಅಗತ್ಯ, ಶಿಫಾರಸು ಮಾಡಿದ ಅಗತ್ಯ. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರ ಬರೆದ ಪುಷ್ಪಿಕೆಯನ್ನು ಓದುವಷ್ಟೇ ಎಚ್ಚರಿಕೆಯಿಂದ ಇವನ್ನೂ ಓದಬೇಕೆಂದು ನನಗೆ ಅನಿಸಿತು. ಎರಡರಲ್ಲಿಯೂ ಸತ್ಯವಿದೆ, ಎರಡರಲ್ಲಿಯೂ ವಾಡಿಕೆಯ ಮಾತುಗಳಿವೆ. ಕನಿಷ್ಠ ಎಂಬುದರ ಅರ್ಥ ಆಟ ತೆರೆದುಕೊಳ್ಳುತ್ತದೆ ಎಂದು, ಸುಖವಾಗಿ ಆಡಬಹುದೆಂದಲ್ಲ. ಎಷ್ಟು ಚುಕ್ಕೆಗಳ ಪರದೆಯಲ್ಲಿ, ಕ್ಷಣಕ್ಕೆ ಎಷ್ಟು ಚಿತ್ರಗಳ ವೇಗದಲ್ಲಿ ಎಂಬುದನ್ನು ಬಹುಮಟ್ಟಿಗೆ ಯಾರೂ ಹೇಳುವುದಿಲ್ಲ. ಪ್ರೊಸೆಸರು, ರ್‍ಯಾಮ್, ಡಿಸ್ಕಿನ ಜಾಗ ಇವುಗಳ ಸಾಲುಗಳು ಸುಲಭ. ಸಂಖ್ಯೆಗೆ ಸಂಖ್ಯೆ ಹೋಲಿಸಿದರಾಯಿತು. ಮೋಸ ಹೋಗುವುದು ಗ್ರಾಫಿಕ್ಸಿನ ಸಾಲಿನಲ್ಲಿ. ಅಲ್ಲಿ ಪ್ರತ್ಯೇಕ ಕಾರ್ಡೊಂದರ ಹೆಸರು ಮಾತ್ರವಿದ್ದರೆ ನಮ್ಮಂಥವರು ಮುಂದಿನ ಪುಟಕ್ಕೆ ಹೋಗುವುದೇ ಲೇಸು. ಅಡಕ ಗ್ರಾಫಿಕ್ಸಿನ ಹೆಸರೂ ಇದ್ದರೆ, ಅದು ನಮ್ಮದಕ್ಕಿಂತ ಹಳೆಯ ತಲೆಮಾರಿನದಾಗಿದ್ದರೆ, ಭರವಸೆಯಿಡಬಹುದು.

ಲೆಕ್ಕ ಹಾಕಲು ನಾನು ಕಾಗದ ತಂದೆ. ಇಂದು ಸಾಮಾನ್ಯವಾಗಿರುವ 1920×1080ರ ಪರದೆಯಲ್ಲಿ 20,73,600 ಚುಕ್ಕೆಗಳು. 1280×720ಕ್ಕೆ ಇಳಿಸಿದರೆ 9,21,600. ಅರ್ಧಕ್ಕಿಂತ ಕಡಿಮೆ. ಕ್ಷಣಕ್ಕೆ 30 ಚಿತ್ರಗಳೆಂದರೂ ಎರಡೂಮುಕ್ಕಾಲು ಕೋಟಿಗೂ ಹೆಚ್ಚು ಚುಕ್ಕೆಗಳಿಗೆ ಪ್ರತಿ ಕ್ಷಣ ಬಣ್ಣ ನಿರ್ಧರಿಸಬೇಕು. ಕ್ಷಣಕ್ಕೆ 60 ಚಿತ್ರಗಳು ಬೇಕೆಂದರೆ ಒಂದೊಂದಕ್ಕೆ ದೊರೆಯುವ ಕಾಲ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಹದಿನೇಳು ಪಾಲೂ ಇಲ್ಲ. ಓಡಿ, ಜಿಗಿದು, ಗುರಿಯಿಟ್ಟು ಹೊಡೆಯುವ ಆಟಗಳಿಗೆ ಈ ವೇಗ ಬೇಕು. ನಿಂತು ಯೋಚಿಸುವ ಆಟಕ್ಕೆ 30 ಧಾರಾಳ. ಹೀಗೆ ಆಟದ ಸ್ವಭಾವವೇ ಯಂತ್ರದ ಆಯ್ಕೆಯಲ್ಲಿ ಅರ್ಧ ತೀರ್ಪು ಕೊಟ್ಟುಬಿಡುತ್ತದೆ. ಈ ಲೆಕ್ಕ ನೋಡಿ ಹುಡುಗನಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ಆ ಗುಂಡಿಗಳನ್ನು ಒತ್ತಿದ್ದನೇ ಹೊರತು ಅವುಗಳ ಹಿಂದೆ ಗುಣಾಕಾರವಿದೆಯೆಂದು ಅವನು ತಿಳಿದಿರಲಿಲ್ಲ.

ರೂಪ ನೋಡಿ ಭಾರವನ್ನು ಅಳೆಯಬಾರದೆಂಬುದನ್ನು ಕಲಿಸಿದವನು ಅವನು. ‘ಡ್ವಾರ್ಫ್ ಫೋರ್ಟ್ರೆಸ್’ ಎಂಬ ಆಟ 2006ರಲ್ಲಿ ಮೊದಲು ಬಂದಾಗ ಅದರಲ್ಲಿ ಚಿತ್ರಗಳೇ ಇರಲಿಲ್ಲ. ಕೀಲಿಮಣೆಯ ಅಕ್ಷರಗಳೂ ಚಿಹ್ನೆಗಳೂ ಸೇರಿ ಬೆಟ್ಟ, ಹೊಳೆ, ಕುಬ್ಜರ ಕೋಟೆ ಎಲ್ಲವೂ ಆಗಿದ್ದವು. ಇಂಥದು ನನ್ನ ಯಂತ್ರದಲ್ಲಿ ಹೂವೆತ್ತಿದಂತೆ ನಡೆದೀತೆಂದು ನಾನು ಎಣಿಸಿದೆ. ಆದರೆ ಆ ಆಟ ತೊಡಗುವ ಮೊದಲೇ ಒಂದು ಲೋಕವನ್ನು ಸೃಷ್ಟಿಸಿ, ಅದರ ನೂರಾರು ವರ್ಷಗಳ ಇತಿಹಾಸವನ್ನು ನಡೆಸಿ ನೋಡುತ್ತದೆ: ಅರಸರ ಹುಟ್ಟು ಸಾವು, ಯುದ್ಧ, ವಲಸೆ, ಹಾಳುಬಿದ್ದ ಊರು. ಆಮೇಲೆ ಕೋಟೆಯಲ್ಲಿರುವ ಒಬ್ಬೊಬ್ಬನ ಹಸಿವು, ಸ್ನೇಹ, ನೆನಪುಗಳನ್ನೂ ಲೆಕ್ಕವಿಡುತ್ತದೆ. ಜನಸಂಖ್ಯೆ ಬೆಳೆದಂತೆ ಪ್ರೊಸೆಸರು ಏದುಸಿರು ಬಿಡುತ್ತದೆ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಅದರ ಬೆನ್ನಿಗೆ ಒಂದು ಯುಗದ ಇತಿಹಾಸ. ಶಾಸನ ಓದುವವನಿಗೆ ಈ ಅನುಭವ ಹೊಸದಲ್ಲ. ಇಟ್ಟಿಗೆ ಇಟ್ಟಿಗೆಯಾಗಿ ಕಾಣುವ ‘ಮೈನ್‌ಕ್ರಾಫ್ಟ್’ ಕೂಡ ಇದೇ ಜಾತಿಯದು, ಕಂಡಷ್ಟು ಹಗುರವಲ್ಲ.

ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಇನ್ನೂ ಸ್ವಾರಸ್ಯಕರವಾದುದು ‘ಏಜ್ ಆಫ್ ಎಂಪೈರ್ಸ್’ನ ಎರಡನೆಯ ಆಟ. 1999ರಲ್ಲಿ ಅದು ಬಂದಾಗ ಕೇಳುತ್ತಿದ್ದುದು 32 ಎಂಬಿ ರ್‍ಯಾಮ್. 2019ರಲ್ಲಿ ಅದರ ‘ಡೆಫಿನಿಟಿವ್’ ಆವೃತ್ತಿ ಬಂದಾಗ 4 ಜಿಬಿ. ಎಂದರೆ 128 ಪಟ್ಟು. ಆಟದ ನಿಯಮಗಳ ಮೂಲಪಾಠ ಬಹುಪಾಲು ಅದೇ. ಬೆಳೆದದ್ದು ಲಿಪಿಯ ಅಲಂಕಾರ, ಮತ್ತು ಪ್ರಕ್ಷೇಪಗಳು. ಹಳೆಯ ಯಂತ್ರದವನು ಹಳೆಯ ಆವೃತ್ತಿಯನ್ನು ಹುಡುಕಬೇಕೆಂಬ ಸೂತ್ರ ಇಲ್ಲಿಂದ ಹೊರಟಿತು. ನಮ್ಮ ಯಂತ್ರ ಹುಟ್ಟಿದ ವರ್ಷಕ್ಕಿಂತ ನಾಲ್ಕೈದು ವರ್ಷ ಹಿಂದೆ ಬಂದ ಆಟವಾದರೆ ಬಹುತೇಕ ನಿರಾಳ. ಪ್ರಕ್ಷೇಪಗಳೆಲ್ಲ ತ್ಯಾಜ್ಯವೆಂದಲ್ಲ. ಮೂಲದ ಹದಿಮೂರು ಜನಾಂಗಗಳಲ್ಲಿ ಭಾರತದವರೇ ಇರಲಿಲ್ಲ. 2022ರಲ್ಲಿ ಬಂದ ಸೇರ್ಪಡೆಯಲ್ಲಿ ದ್ರಾವಿಡರೆಂಬ ಜನಾಂಗವೂ ರಾಜೇಂದ್ರ ಚೋಳನ ದಂಡಯಾತ್ರೆಯೂ ಬಂದವು. ಅವನಿಗೆ ಎದುರು ನಿಂತ ಚಾಲುಕ್ಯರ ಕಡೆಯಿಂದ ಆ ಕಥೆಯನ್ನು ಆಡಲು ಬರುವುದಿಲ್ಲವೆಂಬ ನನ್ನ ಆಕ್ಷೇಪಣೆಯನ್ನು ಹುಡುಗ ಗಣನೆಗೆ ತೆಗೆದುಕೊಳ್ಳಲಿಲ್ಲ.

ಕೊಂಡ ಮೇಲೆ ಓಡದಿದ್ದರೆ? ಸ್ಟೀಮ್ ಎಂಬ ಆಟಗಳ ಮಳಿಗೆಯಲ್ಲಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಮರಳಿಸುವ ಪದ್ಧತಿಯಿದೆ. ನಾವು ಇದನ್ನೇ ಪರೀಕ್ಷೆಯನ್ನಾಗಿ ಮಾಡಿಕೊಂಡೆವು. ಮೊದಲ ಅರ್ಧ ಗಂಟೆಯನ್ನು ನಂಬಬಾರದು, ಯಂತ್ರ ಆಗಿನ್ನೂ ತಣ್ಣಗಿರುತ್ತದೆ. ಮುಕ್ಕಾಲು ಗಂಟೆ ಕಳೆದ ಮೇಲೆ ವೇಗ ಹೇಗಿದೆಯೆಂಬುದೇ ನಿಜವಾದ ವೇಗ. ಗಾಳಿಯಾಡಲೆಂದು ಲ್ಯಾಪ್‌ಟಾಪನ್ನು ನನ್ನ ತಂದೆಯವರು ಗ್ರಂಥವಿಟ್ಟು ಓದುತ್ತಿದ್ದ ಮರದ ವ್ಯಾಸಪೀಠದ ಮೇಲೆ ಇರಿಸಿದೆವು. ಅದರ ತೆರೆದ ತಳದಿಂದ ಶಾಖ ಚೆನ್ನಾಗಿ ಇಳಿಯಿತು. ಮನೆಯಾಕೆಗೆ ಇದು ಸರಿಬರಲಿಲ್ಲ. ಎರಡು ದಿನಗಳಲ್ಲಿ ನಾಲ್ಕು ಮರದ ತುಂಡುಗಳು ಆ ಸ್ಥಾನಕ್ಕೆ ಬಂದವು.

ಹೀಗೆ ಪರೀಕ್ಷೆಗೆ ನಿಂತವುಗಳಲ್ಲಿ ‘ಸ್ಟಾರ್ಡ್ಯೂ ವ್ಯಾಲಿ’ ಸುಲಭವಾಗಿ ಗೆದ್ದಿತು. ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ವರ್ಷಗಟ್ಟಲೆ ದುಡಿದು 2016ರಲ್ಲಿ ಹೊರತಂದ, ಅಜ್ಜನ ಹೊಲವನ್ನು ಮೊಮ್ಮಗ ಉಳುವ ಆಟ. 2 ಜಿಬಿ ರ್‍ಯಾಮ್ ಸಾಕು. ಹುಡುಗ ಒಂದು ವಾರ ಆಡಿದ. ನನಗೆ ಅದರಲ್ಲಿ ಕೆಲಸವಿರಲಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಓದಿಯೇ ಆಡಬೇಕಾದ ಆಟಗಳತ್ತ ನೋಡಬಹುದು. 1970ರ ದಶಕದಲ್ಲಿ ವಿಲ್ ಕ್ರೌದರ್ ತಾನು ಹೊಕ್ಕು ಅಳೆದಿದ್ದ ಕೆಂಟಕಿಯ ಗುಹೆಯೊಂದನ್ನು ಕೇವಲ ವಾಕ್ಯಗಳಲ್ಲಿ ಕಟ್ಟಿದ ‘ಅಡ್ವೆಂಚರ್’ನಿಂದ ಹಿಡಿದು, ಜೂಲ್ಸ್ ವರ್ನ್‌ನ ಕಾದಂಬರಿಯನ್ನು ಸೇವಕನ ಕಣ್ಣಿನಿಂದ ಮರಳಿ ಬರೆದ ‘80 ಡೇಸ್’ವರೆಗೆ. ಇವಕ್ಕೆ ಯಾವ ಯಂತ್ರವೂ ಸಾಲುತ್ತದೆ. ನಮ್ಮ ಭಾಷೆಯಲ್ಲಿ ಇಂಥದು ಏಕಿಲ್ಲವೆಂದು ಯೋಚಿಸುವವರು ಯೋಚಿಸಲಿ.

ನಮ್ಮಿಬ್ಬರನ್ನೂ ಹಿಡಿದು ಕೂರಿಸಿದ್ದು ‘ರಿಟರ್ನ್ ಆಫ್ ದಿ ಓಬ್ರಾ ಡಿನ್’. ಲ್ಯೂಕಸ್ ಪೋಪ್ ಎಂಬಾತ 2018ರಲ್ಲಿ ಹೊರತಂದ ಆಟ. ಕಾಣೆಯಾಗಿದ್ದ ವ್ಯಾಪಾರಿ ಹಡಗೊಂದು 1807ರಲ್ಲಿ ಒಬ್ಬರೂ ಇಲ್ಲದೆ ತೇಲುತ್ತ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿ ಅದನ್ನೇರಿ, ಅದರಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಎಂದು ಪುಸ್ತಕವೊಂದರಲ್ಲಿ ತುಂಬಬೇಕು. ಹಳೆಯ ಮ್ಯಾಕಿಂಟಾಷ್ ಪರದೆಗಳಂತೆ ಇಡೀ ಆಟ ಎರಡೇ ಬಣ್ಣಗಳಲ್ಲಿದೆ. ಎರಡೇ ಬಣ್ಣವೆಂದ ಮಾತ್ರಕ್ಕೆ ಭಾರವಿಲ್ಲವೆನ್ನಲಾಗದು. ಒಳಗೆ ಹಡಗು ಮೂರು ಆಯಾಮಗಳಲ್ಲಿ ಪೂರ್ಣವಾಗಿ ನಿಂತಿದೆ. ರ್‍ಯಾಮು 4 ಜಿಬಿಯಾಗಿಯೇ ಉಳಿದಿದ್ದರೆ ಸಂದೇಹವಿತ್ತು. 8 ಜಿಬಿಯಲ್ಲಿ, ಚುಕ್ಕೆಗಳನ್ನು ಒಂದು ಹಂತ ಇಳಿಸಿದಾಗ, ದೃಶ್ಯ ಬದಲಾಗುವ ಹೊತ್ತಿನ ಸಣ್ಣ ತಡವರಿಕೆಯೊಂದನ್ನು ಬಿಟ್ಟರೆ ಸಲೀಸಾಗಿ ನಡೆಯಿತು. ಮುಕ್ಕಾಲು ಗಂಟೆಯ ಪರೀಕ್ಷೆಯಲ್ಲಿಯೂ ತಳ ಉಗುರುಬೆಚ್ಚಗಿತ್ತು.

ಆ ಆಟದ ಕ್ರಮವನ್ನು ಕಂಡು ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ. ಕೈಯಲ್ಲಿ ಹೆಸರು, ಹುದ್ದೆ, ನಾಡು ನಮೂದಾಗಿರುವ ನಾವಿಕರ ಪಟ್ಟಿಯಿದೆ. ಮುಖಗಳಿರುವ ರೇಖಾಚಿತ್ರವಿದೆ. ಆದರೆ ಯಾವ ಮುಖಕ್ಕೆ ಯಾವ ಹೆಸರೆಂದು ಹೇಳುವವರಿಲ್ಲ. ಸಾವಿನ ಕ್ಷಣದ ಒಂದೊಂದು ಸ್ತಬ್ಧ ದೃಶ್ಯವನ್ನು ಹೊಕ್ಕು, ಉಡುಪು, ನಿಂತ ಜಾಗ, ಜೊತೆಗಿದ್ದವರು, ಕೇಳಿಬಂದ ಮಾತಿನ ಉಚ್ಚಾರಣೆ, ತೂಗುಹಾಸಿಗೆಗೆ ಕಟ್ಟಿದ ಸಂಖ್ಯೆ ಇಂಥವುಗಳಿಂದ ಊಹಿಸಬೇಕು. ಮೂರು ಜನರ ವಿವರ ಸರಿಯಾದಾಗ ಮಾತ್ರ ಪುಸ್ತಕ ಅದನ್ನು ದೃಢಪಡಿಸುತ್ತದೆ. ಹಾಗಾಗಿ ಒಬ್ಬನ ವಿಷಯದಲ್ಲಿ ಕುರುಡಾಗಿ ಕಲ್ಲೆಸೆದು ಗೆಲ್ಲುವುದು ಕಠಿನ. ಕಾಲ, ಕರ್ತೃ, ಸ್ಥಳ ಯಾವುದೂ ಇಲ್ಲದ ಒಂದು ಕಟ್ಟನ್ನು ಮುಂದಿಟ್ಟುಕೊಂಡು ಆಂತರಿಕ ಪ್ರಮಾಣಗಳಿಂದ ಮಾತ್ರ ನಿರ್ಣಯಿಸುವ ನಮ್ಮ ಕೆಲಸಕ್ಕೂ ಇದಕ್ಕೂ ವ್ಯತ್ಯಾಸ ಸ್ವಲ್ಪವೇ: ನಮ್ಮಲ್ಲಿ ಮೂರು ಸರಿಯಾದರೂ ದೃಢಪಡಿಸುವ ಪುಸ್ತಕವಿಲ್ಲ.

ಇಂಗ್ಲಿಷಿನ ಉಚ್ಚಾರಣಾಭೇದಗಳನ್ನು ಅವನು ಹಿಡಿಯುತ್ತಿದ್ದ, ನನಗೆ ಅವು ತಿಳಿಯುತ್ತಿರಲಿಲ್ಲ. ಯಾರು ಯಾರ ಹತ್ತಿರ ನಿಂತಿದ್ದಾರೆ, ಯಾರ ಅಂಗಿಯ ಗುಂಡಿ ಬೇರೆ ಎಂಬುದನ್ನು ನಾನು ಹಿಡಿಯುತ್ತಿದ್ದೆ. ಆ ಪಟ್ಟಿಯಲ್ಲಿ ನಮ್ಮ ದೇಶದ ನಾವಿಕರೂ ಇದ್ದರು. ಅವರನ್ನು ಬೇರ್ಪಡಿಸಿ ಗುರುತಿಸಲು ನಮಗೆ ಮೂರು ಸಂಜೆ ಹಿಡಿಯಿತು. ನಾನು ಒಂದೇ ಷರತ್ತು ಹಾಕಿದ್ದೆ: ನಮ್ಮ ತರ್ಕವನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆಯಬೇಕು, ಕಾರಣ ಬರೆಯದೆ ತೀರ್ಮಾನ ಬರೆಯಕೂಡದು. ಮೊದಲ ಪುಟದಲ್ಲಿ ಅವನ ಒತ್ತಕ್ಷರಗಳು ಎಲ್ಲೆಲ್ಲೋ ನೇತಾಡುತ್ತಿದ್ದವು. ಹತ್ತನೆಯ ಪುಟದ ಹೊತ್ತಿಗೆ ‘ಸಂಶಯಾಸ್ಪದ’ ಎಂದು ತಪ್ಪಿಲ್ಲದೆ ಬರೆದ. ಗುಂಡೇಟು, ಇರಿತ, ನೀರುಪಾಲು, ತೊಲೆಯಡಿ ಸಿಕ್ಕಿ ಅಪ್ಪಚ್ಚಿ. ಅವನ ಪದಸಂಪತ್ತು ಈ ದಿಕ್ಕಿನಲ್ಲಿ ಬೆಳೆಯುತ್ತಿರುವುದನ್ನು ಕೇಳಿದ ಮಗಳು, ಅಪ್ಪಾ, ಸಾಯುವ ಮಾತು ಬಿಟ್ಟು ಬೇರೆ ಕನ್ನಡ ನಿಮಗೆ ಸಿಗಲಿಲ್ಲವೇ ಎಂದು ಫೋನಿನಲ್ಲಿ ಕೇಳಿದಳು.

ಜೂನ್ ಮೊದಲ ವಾರ ಅವನು ಹೊರಟಾಗ 60 ಜನರಲ್ಲಿ 54 ಜನರ ವಿಷಯ ನಿರ್ಣಯವಾಗಿತ್ತು. ಉಳಿದ ಆರು ಜನರ ಕುರಿತ ಟಿಪ್ಪಣಿಗಳನ್ನು ಅವನೇ ಎರಡು ಪ್ರತಿ ಮಾಡಿದ. ಒಂದನ್ನು ಚೀಲದಲ್ಲಿಟ್ಟುಕೊಂಡು, ಮತ್ತೊಂದನ್ನು ನನ್ನ ಮೇಜಿನ ಮೇಲಿಟ್ಟು, “ಅಜ್ಜಾ, ಒಂದ ಪ್ರತಿ ಇದ್ರ ಹೋಗ್ತದ” ಎಂದ. ಈಗ ಅವನ ಬಳಿ ಅವನದೇ ಕಂಪ್ಯೂಟರಿದೆ, ಅದರಲ್ಲಿ ಅವನ ಗೆಳೆಯರ ಆ ದೊಡ್ಡ ಆಟವೂ ಓಡುತ್ತದೆ. ಆದರೆ ಹಡಗು ಇರುವುದು ನನ್ನ ಯಂತ್ರದಲ್ಲಿ. ಭಾನುವಾರ ಸಂಜೆ ಅವನು ಫೋನಿನಲ್ಲಿ ಹೇಳುತ್ತಾನೆ, ನಾನು ಮೆಟ್ಟಿಲಿಳಿದು ಆ ಕೋಣೆಗೆ ಹೋಗಿ ನಿಂತು, ಕಂಡದ್ದನ್ನು ವಿವರಿಸುತ್ತೇನೆ. ಕಳೆದ ವಾರ ಐವತ್ತೈದನೆಯವನ ಹೆಸರಿನ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಬಂದಿದೆ. ಅವನ ಆಧಾರ ಬೂಟುಗಳು, ನನ್ನದು ಟೋಪಿ.